ಹೇಳಿಕೊಳ್ಳಲಾಗದ ನೋವಿಗೆ ಸೂಜಿಯ ಮದ್ದು

ಅಗಸೂರಿನ ವಾಚಕರೊಬ್ಬರು ತಮ್ಮ ಹೆಸರನ್ನು ಪ್ರಕಟಿಸಬಾರದೆಂಬ ಕೋರಿಕೆಯೊಡನೆ ಕಾಗದ ಬರೆದಿದ್ದಾರೆ. ವಯಸ್ಸು ನಲವತ್ತೆರಡು. ಒಂದು ವರ್ಷದಿಂದ ಕಿಬ್ಬೊಟ್ಟೆಯಲ್ಲಿಯೂ ವೃಷಣಕ್ಕೂ ಗುದಕ್ಕೂ ನಡುವಣ ಭಾಗದಲ್ಲಿಯೂ ನೋವು. ಕುಳಿತರೆ ಹೆಚ್ಚು, ಮೂತ್ರಕ್ಕೆ ಹೋದರೆ ಉರಿ. ಎರಡು ಸಲ ಮೂತ್ರಪರೀಕ್ಷೆ ಮಾಡಿಸಿದರೂ ದೋಷ ಕಾಣಲಿಲ್ಲ. ನುಂಗಿದ ಗುಳಿಗೆಗಳಿಂದ ಗುಣವೂ ಕಾಣಲಿಲ್ಲ. ತಮ್ಮದು ಗುಪ್ತರೋಗವಿರಬಹುದೆಂದು ಹೆದರಿ ಪತ್ನಿಯಿಂದ ದೂರವಿದ್ದಾರೆ. ಸೂಜಿ ಚುಚ್ಚುವ ಚೀನೀ ಚಿಕಿತ್ಸೆಯನ್ನು ನಂಬಬಹುದೆ ಎಂಬುದು ಅವರ ಪ್ರಶ್ನೆ.

ಮೊದಲು ಭಯದ ಮಾತು. ಪ್ರಾಸ್ಟೇಟ್ ಗ್ರಂಥಿಯ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಇಂಥ ನೋವು ಅಪರೂಪದ್ದಲ್ಲ, ಹೇಳಿಕೊಳ್ಳುವವರು ಅಪರೂಪ. ಬಹುಮಟ್ಟಿಗೆ ಇದರಲ್ಲಿ ರೋಗಾಣುಗಳು ಸಿಕ್ಕುವುದೇ ಇಲ್ಲ. ಸ್ನಾಯುಗಳ ಬಿಗಿತ, ನರಗಳ ಅತಿಸೂಕ್ಷ್ಮತೆ, ಮನಸ್ಸಿನ ಕಳವಳ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸೋಂಕಿಲ್ಲವೆಂದು ವೈದ್ಯರು ಪರೀಕ್ಷಿಸಿ ಖಚಿತಪಡಿಸಿದ ಮೇಲೆ ಪತ್ನಿಗೆ ತಗಲುವ ಮಾತೆಲ್ಲಿ? ಆಕೆಗೆ ವಿಷಯ ತಿಳಿಸಿರಿ. ಕಾರಣವರಿಯದೆ ಆಕೆ ಏನೇನು ಊಹಿಸಿಕೊಂಡಿರುವರೋ!

ಇನ್ನು ಸೂಜಿಯ ವಿಚಾರ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ನಮ್ಮ ದೇಶದಿಂದ ಐವರು ವೈದ್ಯರು ತೆರಳಿದರು. ಅವರಲ್ಲೊಬ್ಬರು ನಮ್ಮ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗರಾದ ಡಾ. ಬಿಜಯ್ ಕುಮಾರ್ ಬಸು ಅವರು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು, ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಈ ವಿದ್ಯೆ ನಮ್ಮಲ್ಲಿಗೆ ಬಂದುದು ಹೀಗೆ.

ವಂಶದಿಂದ ಬಂದ ವಿದ್ಯೆಯೆಂದ ಮಾತ್ರಕ್ಕೆ ನಂಬುವುದೂ ಸಲ್ಲದು, ನಗುವುದೂ ಸಲ್ಲದು. ಬೆಳಂಬಾರದ ನಾಟಿಮದ್ದಿಗಾಗಿ ಪಾರ್ಶ್ವವಾಯು ಪೀಡಿತರು ದೂರದಿಂದ ಬರುವುದನ್ನು ಕಂಡ ಅಂಕೋಲೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷಿಸಿ ನೋಡಬೇಕು, ಸೂಜಿಯನ್ನು ಹಾಗೆ ನೋಡಿಯೂ ಇದ್ದಾರೆ. ಮಲೇಷ್ಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ನೋವಿನ 89 ಪುರುಷರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸರಿಯಾದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬೇರೆಡೆ ಮೇಲುಮೇಲೆ ತಾಗಿಸಿದ ಹುಸಿ ಸೂಜಿ. ಹತ್ತು ವಾರಗಳ ಕೊನೆಗೆ ಮೊದಲ ಗುಂಪಿನ 44 ಮಂದಿಯಲ್ಲಿ 32 ಜನರಿಗೆ ಗುಣ ಕಂಡಿತು. ಹುಸಿಯದರಲ್ಲಿ 45 ಮಂದಿಯಲ್ಲಿ 21 ಜನರಿಗೆ. ಚೀನಾದ ಹತ್ತು ಆಸ್ಪತ್ರೆಗಳಲ್ಲಿ 440 ಪುರುಷರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ವಾರಗಳಲ್ಲಿ ಇಪ್ಪತ್ತು ಸಲ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡ 60ರಷ್ಟು ಜನ ಸುಧಾರಿಸಿದರು, ಹುಸಿಯವರಲ್ಲಿ ಶೇಕಡ 37ರಷ್ಟು. ಚಿಕಿತ್ಸೆ ನಿಂತು ಆರು ತಿಂಗಳಾದರೂ ಆ ಅಂತರ ಉಳಿದಿತ್ತು.

ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಸೂಜಿಗೆ ಗುಣವುಂಟು. ಆದರೆ ಹುಸಿ ಸೂಜಿಗೇ ಅಷ್ಟು ಜನ ಚೇತರಿಸಿಕೊಂಡರೆಂದರೆ, ಮೂರು ದಿನದಲ್ಲಿ ಬೇರುಸಹಿತ ಕಿತ್ತು ಹಾಕುವೆನೆಂದು ಹಲಗೆ ತೂಗುಹಾಕುವವನಿಗೂ ಹೊಗಳುವವರು ದೊರೆಯುವುದು ಕಷ್ಟವಲ್ಲ. ನೂರರಲ್ಲಿ ನಲವತ್ತು ಮಂದಿಗೆ ನಿಜವಾದ ಸೂಜಿಯಿಂದಲೂ ಹೇಳಿಕೊಳ್ಳುವಷ್ಟು ಪ್ರಯೋಜನವಾಗಲಿಲ್ಲವೆಂಬುದನ್ನೂ ಮರೆಯಲಾಗದು.

ಆದುದರಿಂದ ಮೊದಲು ಮೂತ್ರರೋಗ ತಜ್ಞರನ್ನು ಕಾಣತಕ್ಕದ್ದು. ಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದಿದ್ದರೂ ಸೂಜಿಯ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂಥದೇನೂ ಇಲ್ಲವಾದರೆ ಸೂಜಿಯನ್ನು ಪ್ರಯತ್ನಿಸಲಡ್ಡಿಯಿಲ್ಲ. ವಾರಕ್ಕೆ ಎರಡು ಮೂರು ಸಲದಂತೆ ಎರಡು ತಿಂಗಳು ಬಸ್ಸು ಹತ್ತುವ ಖರ್ಚನ್ನೂ ತಪ್ಪುವ ಕೆಲಸವನ್ನೂ ಮುಂಚೆಯೇ ಲೆಕ್ಕ ಹಾಕಿಕೊಳ್ಳಿರಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿದ್ದರೆ ಚಿಕಿತ್ಸಕರಿಗೆ ತಿಳಿಸಿರಿ. ಸೂಜಿಗಳು ಸಾಮಾನ್ಯವಾಗಿ ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡದಲ್ಲಿಯೂ ಕಾಲಿನಲ್ಲಿಯೂ ಬೀಳುತ್ತವೆ. ಹೊಸ ಸೂಜಿಯ ಲಕೋಟೆಯನ್ನು ಮಾತ್ರ ಪ್ರತಿಸಲವೂ ನಿಮ್ಮ ಕಣ್ಣೆದುರಿಗೇ ಒಡೆಸಿರಿ.