ಒತ್ತಕ್ಷರಕ್ಕೆ ಪರದೆಯ ಮೇಲೆ ಸ್ಥಳವಿಲ್ಲವೇ?

ಹೊರನಾಡಿನಲ್ಲಿ ಕನ್ನಡ ಕೆಡುವುದು ಮೊದಲು ಮಕ್ಕಳ ನಾಲಿಗೆಯಲ್ಲಿ ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಅದು ಗಣಕದ ಪರದೆಯ ಮೇಲೂ ಕೆಡುತ್ತಿರುವುದನ್ನು ಮಾತ್ರ ಕಂಡೂ ಕಾಣದವರಂತೆ ಕುಳಿತಿದ್ದೇವೆ. ರಾಜ್ಯೋತ್ಸವಕ್ಕೆಂದು ತಯಾರಿಸಿದ ವಿಡಿಯೋದ ಅಡಿಬರಹದಲ್ಲಿ ‘ರಾಷ್ಟ್ರಕೂಟ’ರು ‘ರಾಷ್‌ಟ್‌ರಕೂಟ’ರಾಗುತ್ತಾರೆ. ಸಭೆ ನಗುತ್ತದೆ. ಮರುವರ್ಷ ಕಾರ್ಯಕರ್ತರು ಜಾಣರಾಗಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತೋರಿಸುತ್ತಾರೆ. ಕೇಳಿದರೆ, “ಏನು ಮಾಡೋಣ ಸ್ವಾಮಿ, ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ” ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ.

ಈ ಮಾತು ಸುಳ್ಳು. ಪುಣೆಯಲ್ಲಿ ಕುಳಿತು ಆಡಿದರಂತೂ ನಾಚಿಕೆಗೇಡು. ಭಾರತೀಯ ಲಿಪಿಗಳನ್ನು ಗಣಕಕ್ಕೆ ತಂದ ‘ಜಿಸ್ಟ್’ ತಂತ್ರಜ್ಞಾನ ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿದರೂ ಬೆಳೆದದ್ದು ಈ ಊರಿನಲ್ಲಿ, 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ‘ಲೋಹಿತ್’ ಅಕ್ಷರಮಾಲೆಗಳನ್ನು, ಅದರಲ್ಲಿ ಕನ್ನಡವೂ ಸೇರಿದಂತೆ, ವರ್ಷಗಟ್ಟಲೆ ತಿದ್ದಿ ತೀಡಿದವರು ಇಲ್ಲಿಯ ರೆಡ್ ಹ್ಯಾಟ್ ಕಚೇರಿಯ ಇಂಜಿನಿಯರರು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಮಾಲೆ ಇತ್ತು. ಹೀಗಿರುವಾಗ ಬಾರದಿರುವುದು ಕನ್ನಡವೋ, ನಮಗೆ ಆಸಕ್ತಿಯೋ?

ಅಕ್ಷರ ಮುರಿಯುವುದು ಹೇಗೆಂಬುದನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ನಾವು ‘ಸ್ತ್ರೀ’ ಎಂದು ಬರೆದಾಗ ಯಂತ್ರ ಇಟ್ಟುಕೊಳ್ಳುವುದು ಆರು ಸಂಕೇತಗಳನ್ನು: ಸಕಾರ, ಅರ್ಧಾಕ್ಷರದ ಚಿಹ್ನೆ, ತಕಾರ, ಮತ್ತೆ ಅದೇ ಚಿಹ್ನೆ, ರಕಾರ, ಕೊನೆಗೆ ದೀರ್ಘ. ಇವನ್ನು ಕೂಡಿಸಿ, ಯಾವುದು ಒತ್ತಾಗಿ ಕೆಳಗಿಳಿಯಬೇಕು, ಯಾವುದು ಪಕ್ಕಕ್ಕೆ ಸರಿಯಬೇಕು ಎಂದು ತೀರ್ಮಾನಿಸುವ ಕೆಲಸಗಾರನೊಬ್ಬ ನಡುವೆ ಇರಬೇಕು. ‘ಹಾರ್ಫ್‌ಬಜ್’ ಎಂಬ ಉಚಿತ ತಂತ್ರಾಂಶ ಇಂಥ ಕೆಲಸಗಾರ. ಇಂಗ್ಲಿಷಿಗೆ ಇವನಿಲ್ಲದೆಯೂ ಹೇಗೋ ನಡೆಯುತ್ತದೆ, ಒಂದರ ಪಕ್ಕ ಒಂದು ಅಕ್ಷರ ಇಟ್ಟುಕೊಂಡು ಹೋದರೆ ಸಾಕು. ಕನ್ನಡಕ್ಕೆ ನಡೆಯುವುದಿಲ್ಲ.

ಆದ್ದರಿಂದ ಪರದೆಯ ಮೇಲೆ ಏನು ಕಂಡಿತು ಎಂಬುದರಿಂದಲೇ ರೋಗ ಯಾವುದೆಂದು ಹೇಳಬಹುದು. ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಅಕ್ಷರಮಾಲೆ ಇಲ್ಲ, ಅಥವಾ ತಂತ್ರಾಂಶ ಅದನ್ನು ಹುಡುಕಿಕೊಂಡಿಲ್ಲ. ಅಕ್ಷರಗಳಿದ್ದು ಒತ್ತು ಮಾತ್ರ ಬಿಡಿಬಿಡಿಯಾಗಿದ್ದರೆ ಕೂಡಿಸುವ ಕೆಲಸಗಾರ ಇಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಂಡರೆ, ಬರಹ ಹಳೆಯ ಸಂಕೇತ ಪದ್ಧತಿಯಲ್ಲಿದೆ, ಇಲ್ಲವೇ ಅಡಿಬರಹದ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿಲ್ಲ. ಇನ್ನು ವಿಡಿಯೋದಲ್ಲಿ ಧ್ವನಿ ಬಂದು ಚಿತ್ರ ಕಪ್ಪಾಗಿದ್ದರೆ ಅದು ಭಾಷೆಯ ದೋಷವೇ ಅಲ್ಲ. ಈಗಿನ ಅನೇಕ ಮೊಬೈಲುಗಳು ಎಚ್.265 ಎಂಬ ವಿಧಾನದಲ್ಲಿ ಚಿತ್ರೀಕರಿಸುತ್ತವೆ, ಎಲ್ಲ ಗಣಕಗಳೂ ಅದನ್ನು ಬಿಡಿಸಲಾರವು. ಎಚ್.264ಕ್ಕೆ ಪರಿವರ್ತಿಸಿದರೆ ಸಾಮಾನ್ಯವಾಗಿ ಮುಗಿಯಿತು. ಅದಕ್ಕೂ ಕನ್ನಡವನ್ನೇ ಬೈದವರಿದ್ದಾರೆ!

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ಹಿಂಜವಡಿ, ಖರಾಡಿ, ಮಗರಪಟ್ಟಗಳಲ್ಲಿ ತಂತ್ರಾಂಶ ಬರೆಯುವವರಲ್ಲಿ ನಮ್ಮ ಮನೆಯ ಮಕ್ಕಳು ಕಡಿಮೆಯೇನಿಲ್ಲ. ಗಣಕದ ಕಿಟಕಿ, ಗುಂಡಿ, ಬರಹ, ವಿಡಿಯೋಗಳನ್ನೆಲ್ಲ ಜೋಡಿಸಲು ಅವರಿಗೆ ಸಿದ್ಧ ಸಲಕರಣೆಗಳಿವೆ. ಕ್ಯೂಟಿ, ಜಿಟಿಕೆ ಮುಂತಾದವು ಒತ್ತಕ್ಷರ ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್‌ಗೆ ಒಪ್ಪಿಸುತ್ತವೆ. ಪೈಥಾನ್ ಜೊತೆಗೇ ಸಿಗುತ್ತದೆಂದು ಹಲವರು ಕೈಗೆತ್ತಿಕೊಳ್ಳುವ ‘ಟಿಕೆ’ಯಾದರೋ ಲಿನಕ್ಸಿನಲ್ಲಿ ಬಹುಕಾಲದಿಂದ ಅಕ್ಷರಗಳನ್ನು ಬಿಡಿಯಾಗಿಯೇ ಇಡುತ್ತ ಬಂದಿದೆ. ಇದನ್ನು ಮೊದಲೇ ಪರೀಕ್ಷಿಸಲು ಎಷ್ಟು ಹೊತ್ತು ಬೇಕು? ‘ರಾಷ್ಟ್ರ’, ‘ಸೂರ್ಯ’, ‘ಲಕ್ಷ್ಮಿ’, ‘ಸಂಸ್ಕೃತಿ’ ಎಂಬ ನಾಲ್ಕು ಪದ ಹಾಕಿ ನೋಡಿದರೆ ಸಾಕು. ಆದರೆ ಹಾಗೆ ನೋಡುವವರು ಯಾರು? “ಕನ್ನಡ ಬಳಸುವವರು ಎಷ್ಟು ಮಂದಿ?” ಎಂದು ಕನ್ನಡದವನೇ ಕೇಳುತ್ತಾನೆ. ನೆರೆಯ ಮರಾಠಿಯ ‘ರಾಷ್ಟ್ರ’ವೂ ಅದೇ ಕಿಟಕಿಯಲ್ಲಿ ಮುರಿದು ಬೀಳುತ್ತದೆ, ತಮಿಳು ತೆಲುಗುಗಳಿಗೂ ಕೇಡು ತಪ್ಪಿದ್ದಲ್ಲ. ಎಲ್ಲರೂ ಸೇರಿ ದೂರು ಬರೆದರೆ ಅದು ಕೋಟ್ಯಂತರ ಜನರ ದೂರು. ಗಡಿಯ ವಿಷಯದಲ್ಲಿ ಜಗಳವಾಡುವವರು ಇಲ್ಲಿಯಾದರೂ ಒಂದಾಗಬಹುದು.

ಸಂಘಗಳ ಪಾಲೂ ಇದರಲ್ಲಿದೆ. ‘ಬರಹ’, ‘ನುಡಿ’ಗಳ ಹಳೆಯ ಪದ್ಧತಿಗಳು ತಮ್ಮ ಕಾಲದಲ್ಲಿ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಆ ಕಡತಗಳು, ಅದೇ ಅಕ್ಷರಮಾಲೆ ಇಲ್ಲದ ಯಂತ್ರದಲ್ಲಿ ಕಸವಾಗಿ ತೋರುತ್ತವೆ. ಹೆಸರು ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇದ್ದೂ ಎಷ್ಟು ಸಂಘಗಳು ತಮ್ಮ ಹಳೆಯ ಸಂಚಿಕೆಗಳನ್ನು ಪರಿವರ್ತಿಸಿಕೊಂಡಿವೆ? ಆಮಂತ್ರಣ ಪತ್ರಿಕೆಯನ್ನು ಚಿತ್ರವಾಗಿ ಅಂಟಿಸಿ ಕೈತೊಳೆದುಕೊಳ್ಳುವುದೂ ಇದೇ ಸೋಮಾರಿತನದ ಇನ್ನೊಂದು ಮುಖ.

ಇದು ಕೇವಲ ಅಂದಚಂದದ ಪ್ರಶ್ನೆಯೆಂದು ತಿಳಿಯಬಾರದು. ಭಾನುವಾರದ ತರಗತಿಯಲ್ಲಿ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದ ಮಗು ಶಾಲೆಯಲ್ಲಿ ಓದುವುದು ಇಂಗ್ಲಿಷ್, ಹಿಂದಿ, ಮರಾಠಿ. ಅದಕ್ಕೆ ಕನ್ನಡದ ಅಚ್ಚು ಕಣ್ಣಿಗೆ ಬೀಳುವುದು ಅಪರೂಪ, ಬಿದ್ದರೆ ಪರದೆಯ ಮೇಲೆಯೇ. ಅಲ್ಲಿ ‘ಅಜ್‌ಜ’ ಎಂದು ಕಂಡರೆ ಅದನ್ನೇ ಸರಿಯೆಂದು ಬರೆಯುತ್ತದೆ. ತಿದ್ದಲು ಸುತ್ತಲೂ ಬೆಂಗಳೂರಿನ ಅಂಗಡಿ ಫಲಕಗಳಿಲ್ಲ. ವಿಜಾಪುರದಿಂದ, ಧಾರವಾಡದಿಂದ, ಉಡುಪಿಯಿಂದ ಇಲ್ಲಿಗೆ ಬಂದು ನೆಲೆಸಿದ ಹಿರಿಯರ ನೆನಪುಗಳನ್ನು ವಿಡಿಯೋದಲ್ಲಿ ಹಿಡಿದಿಡುವ ಉತ್ಸಾಹ ಈಗ ಹಲವು ಮನೆಗಳಲ್ಲಿದೆ. ಆ ಮಾತು ಮೊಮ್ಮಕ್ಕಳಿಗೆ ತಿಳಿಯಬೇಕಾದರೆ ಅಡಿಬರಹ ಬೇಕೇ ಬೇಕು.

ಆದ್ದರಿಂದ ಬರುವ ನವೆಂಬರಿಗೆ ನಮ್ಮ ಬೇಡಿಕೆ ಇಷ್ಟು. ವೇದಿಕೆಗೆ ಬರುವ ಪ್ರತಿ ವಿಡಿಯೋವನ್ನೂ ಹಿಂದಿನ ವಾರವೇ ಸಭಾಂಗಣದ ಯಂತ್ರದಲ್ಲಿ ನಡೆಸಿ ನೋಡಬೇಕು. ಒತ್ತಕ್ಷರ ಮುರಿದಿದ್ದರೆ ಹಿಂದಕ್ಕೆ ಕಳಿಸಬೇಕು, ತಯಾರಿಸಿದವರು ಅಧ್ಯಕ್ಷರ ಮನೆಯವರೇ ಆಗಿದ್ದರೂ ಸರಿ. ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಪದ ಎಂಬುದನ್ನು ಬರೆದಿಟ್ಟು, ಆ ದೂರನ್ನು ತಂತ್ರಾಂಶ ತಯಾರಿಸಿದವರಿಗೆ ತಲುಪಿಸುವ ಕೆಲಸವನ್ನು ಹಿಂಜವಡಿಯ ನಮ್ಮ ತರುಣರಿಗೆ ಹೆಸರು ಹಿಡಿದು ವಹಿಸಬೇಕು.