ಕೋಟೆಯೊಳಗಿನ ರಸ್ತೆ ಕಾರಿಗಲ್ಲ, ಕಾಲಿಗೆ ಬಿಡಿ

ಹೋದ ಭಾನುವಾರ ನಾವು ನಾಲ್ಕು ಜನ ಬೀದರ ಕೋಟೆಗೆ ಹೋಗಿದ್ದೆವು. ಒಬ್ಬರು ಭಾಲ್ಕಿಯಿಂದ, ಇಬ್ಬರು ಔರಾದದಿಂದ ಬಸ್ಸಿಗೆ ಬಂದವರು, ಇನ್ನೊಬ್ಬರು ಬೀದರದವರೇ. ದರ್ವಾಜಾದ ಕಮಾನಿನ ಕೆಳಗೆ ಎರಡು ಕಾರು ಎದುರುಬದುರಾಗಿ ನಿಂತಿದ್ದವು. ಹಿಂದೆ ಸರಿಯಲು ಇಬ್ಬರೂ ತಯಾರಿಲ್ಲ, ಇಬ್ಬರದೂ ಹಾರ್ನೇ ಹಾರ್ನು. ನಡುವೆ ಸಿಕ್ಕಿಬಿದ್ದವರು ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಮತ್ತು ಆಕೆಯ ಇಬ್ಬರು ಮೊಮ್ಮಕ್ಕಳು. ಮೂವರೂ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕಾರಿನವರೊಬ್ಬರು ಗಾಜು ಇಳಿಸಿ, "ಸೈಡಿಗೆ ಹೋಗಮ್ಮ" ಅಂದರು.

ಸೈಡಿಗೆ ಅಂದರೆ ಎಲ್ಲಿಗೆ ಹೋಗಬೇಕ್ರಿ? ಗೋಡೆ ಒಡಕೊಂಡು ಹೋಗಬೇಕಾ?

ಈ ಕೋಟೆ ಕಟ್ಟಿಸಿದ್ದು ಹದಿನೈದನೇ ಶತಮಾನದಲ್ಲಿ, ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ. ಬಂಡೆಗಲ್ಲನ್ನೇ ಕಡಿದು ಮೂರು ಸಾಲಿನ ಕಂದಕ ಮಾಡಿದರು. ದಾರಿಯನ್ನು ಬೇಕಂತಲೇ ಸೊಟ್ಟ ಮಾಡಿದರು, ಶತ್ರು ನೇರ ನುಗ್ಗಬಾರದು ಅಂತ. ಅಂಥ ಕೋಟೆಯೊಳಗೆ ಇವತ್ತು ಎಸಿ ಹಾಕಿಕೊಂಡು ಕಾರು ನುಗ್ಗುತ್ತಿದೆ. ಸೋಲಾ ಖಂಬ ಮಸೀದಿಯ ತನಕ ಕೂತಲ್ಲೇ ಬಂದು, ಸೆಲ್ಫಿ ತೆಗೆದು, ಕೂತಲ್ಲೇ ವಾಪಸ್.

ನಮ್ಮ ಬೇಡಿಕೆ ಸಣ್ಣದು. ಭಾನುವಾರ ಒಂದು ದಿನ ಕೋಟೆಯೊಳಗಿನ ರಸ್ತೆಗೆ ಕಾರು, ಬೈಕು ಬಿಡಬೇಡಿ. ದರ್ವಾಜಾದ ಹೊರಗೇ ನಿಲ್ಲಿಸಿ.

ಇದು ನಡೆಯದ ಮಾತು ಅನ್ನುವವರು ಮೊದಲು ಹೈದರಾಬಾದ್ ನೋಡಲಿ. ನಮ್ಮ ಎಷ್ಟೋ ಹುಡುಗರು ಅಲ್ಲೇ ದುಡಿಯುತ್ತಾರೆ, ಅವರನ್ನೇ ಕೇಳಿ. 2021ರ ಆಗಸ್ಟಿನಲ್ಲಿ ಒಬ್ಬ ನಾಗರಿಕರು ಟ್ವಿಟ್ಟರಿನಲ್ಲಿ ಒಂದು ಮಾತು ಬರೆದರು: ಭಾನುವಾರ ಸಂಜೆ ಟ್ಯಾಂಕ್ ಬಂಡ್ ಮೇಲೆ ವಾಹನ ನಿಲ್ಲಿಸಿದರೆ ಜನ ನಿಶ್ಚಿಂತೆಯಿಂದ ಓಡಾಡಬಹುದು ಅಂತ. ಆಗಿನ ಸಚಿವರು ಅದನ್ನು ಪೊಲೀಸರಿಗೆ ದಾಟಿಸಿದರು. ಅದೇ ತಿಂಗಳ ಕೊನೆಯಿಂದ ಭಾನುವಾರ ಸಂಜೆ 5ರಿಂದ ರಾತ್ರಿ 10ರವರೆಗೆ ಹುಸೇನ್ ಸಾಗರದ ಕಟ್ಟೆಯ ರಸ್ತೆ ಜನರಿಗೆ ಸಿಕ್ಕಿತು. ಹೈದರಾಬಾದು, ಸಿಕಂದರಾಬಾದು ಎರಡನ್ನೂ ಜೋಡಿಸುವ ಅಷ್ಟು ದೊಡ್ಡ ರಸ್ತೆ ಅದು. ಅದನ್ನೇ ಐದು ತಾಸು ನಿಲ್ಲಿಸಬಹುದಾದರೆ, ಎಲ್ಲಿಗೂ ಅವಸರದಲ್ಲಿ ಹೋಗಬೇಕಿಲ್ಲದ ಕೋಟೆಯ ದಾರಿ ನಿಲ್ಲಿಸಲು ಏನು ಕಷ್ಟ?

ಬೆಂಗಳೂರಿನ ಕಬ್ಬನ್ ಪಾರ್ಕ್ ನೋಡಿ. 2020ರ ಲಾಕ್‌ಡೌನಿನಲ್ಲಿ ಪಾರ್ಕಿನೊಳಗೆ ವಾಹನ ಬಂದ್ ಆದವು. ಆಗ ಜನ ಹಕ್ಕಿ ದನಿ ಕೇಳಿದರು. ಅಲ್ಲಿನ ನಡಿಗೆದಾರರ ಸಂಘದವರು ಮತ್ತು ಊರವರು ಇದನ್ನು ಕಾಯಂ ಮಾಡಿ ಅಂತ ಪಟ್ಟು ಹಿಡಿದರು. ಪೂರ್ತಿ ಸಿಗಲಿಲ್ಲ, ವಾರದ ದಿನಗಳಲ್ಲಿ ವಾಹನ ಮತ್ತೆ ಬಂದವು. ಆದರೆ ಭಾನುವಾರ, ರಜಾದಿನಗಳ ಜೊತೆ ಎರಡನೇ ಮತ್ತು ನಾಲ್ಕನೇ ಶನಿವಾರವೂ ಜನರಿಗೆ ದಕ್ಕಿತು. ಯಾರೂ ದಾನ ಕೊಟ್ಟಿದ್ದಲ್ಲ ಅದು, ಕೇಳಿ ಪಡೆದದ್ದು.

ಈಗ ಕೆಲವರು ಹೇಳುವುದು ನಮಗೆ ಗೊತ್ತಿದೆ. "ಔರಾದ ಕಡೆ ಹಳ್ಳಿಗೆ ಸರಿಯಾದ ರಸ್ತೆ ಇಲ್ಲ, ಬಸ್ಸಿಲ್ಲ. ಇವರಿಗೆ ಕೋಟೆಯ ವಾಕಿಂಗ್ ಚಿಂತೆ. ಇದು ಶ್ರೀಮಂತರ ಶೋಕಿ."

ತಪ್ಪು. ಲೆಕ್ಕ ಉಲ್ಟಾ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 100 ಮನೆಗಳಲ್ಲಿ ಕಾರು ಇರುವುದು ಸುಮಾರು 8 ಮನೆಯಲ್ಲಿ. ಅಂದರೆ ಕೋಟೆಯೊಳಗೆ ಕಾರು ಬಿಡುವುದೇ ಶ್ರೀಮಂತರ ಶೋಕಿ, ನಿಲ್ಲಿಸುವುದಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಭಾಲ್ಕಿ, ಔರಾದದ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿಲ್ಲದೆ ಬೀದರಕ್ಕೆ ಬರಬಹುದು. ಅವರು ಬರುವುದು ಬಸ್ಸಿಗೆ, ಕೋಟೆಯೊಳಗೆ ತಿರುಗುವುದು ಕಾಲಿನ ಮೇಲೆ. ಅವರಿಗೆ ಹಾರ್ನು ಹೊಡೆದು ಸರಿ ಅನ್ನುವವರು ಯಾರು?

ಜೀವದ ಮಾತೂ ಇದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ನಡೆಯುವವರಿಗೆ ಈ ದೇಶದಲ್ಲಿ ಜಾಗವೇ ಇಲ್ಲ ಅನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಮುದುಕರು, ಅಂಗವಿಕಲರು, ಬಸುರಿಯರು ಏನು ಮಾಡಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ. ಉತ್ತರ ಹಂಪಿಯಲ್ಲಿದೆ. ಅಲ್ಲಿ ವಿಜಯ ವಿಠ್ಠಲ ದೇವಸ್ಥಾನದ ತನಕ ನಿಮ್ಮ ಕಾರು ಹೋಗುವುದಿಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಬೇಕು. ಅಲ್ಲಿಂದ ಸುಮಾರು ಒಂದು ಕಿ.ಮೀ. ನಡೆಯಬೇಕು, ಇಲ್ಲವೇ ಬ್ಯಾಟರಿ ಗಾಡಿ ಹತ್ತಬೇಕು. ಹೊಗೆ, ಅದುರುವಿಕೆ ಕಲ್ಲಿಗೆ ಒಳ್ಳೆಯದಲ್ಲ ಅಂತ ಈ ವ್ಯವಸ್ಥೆ. ಆ ಗಾಡಿ ಓಡಿಸಿ ಸಂಬಳ ಎಣಿಸಿದವರಲ್ಲಿ ಸುತ್ತಲಿನ ಊರಿನ ಹೆಣ್ಣುಮಕ್ಕಳೂ ಇದ್ದಾರೆ. ಬೀದರದಲ್ಲೂ ನಾಲ್ಕು ಗಾಡಿ ತಂದರೆ ನಾಲ್ಕು ಮನೆಯ ಒಲೆ ಉರಿಯುತ್ತದೆ. ಕೈಲಾಗದವರಿಗೆ ಅದರಲ್ಲಿ ಪುಕ್ಕಟೆ ಕೂರಿಸಿ. ಆಂಬುಲೆನ್ಸ್‌ಗೆ ಎಂದೂ ತಡೆ ಬೇಡ.

ಇನ್ನು ಅಷ್ಟೂರು ರಸ್ತೆ. ಚೌಖಂಡಿ ದಾಟಿ ಬಹಮನಿ ಗೋರಿಗಳ ತನಕ ಹೋಗುವ ಆ ದಾರಿಯಷ್ಟು ಚಂದದ ದಾರಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅಹ್ಮದ್ ಷಾ ವಲಿಯ ಉರುಸಿಗೆ ಹಿಂದೂ, ಮುಸ್ಲಿಂ ಇಬ್ಬರೂ ನಡೆದೇ ಬಂದ ದಾರಿ. ಅಲ್ಲಿಯೂ ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸಬೇಕೆಂದು ನಮಗೆ ಆಸೆ ಇದೆ. ಆದರೆ ಅದು ಅಷ್ಟೂರಿನವರು ಹಾಲು, ತರಕಾರಿ, ಕಾಳು ಹೊರುವ ರಸ್ತೆಯೂ ಹೌದು. ಅವರ ಗ್ರಾಮಸಭೆಯಲ್ಲಿ ಕೇಳದೆ, ಅವರು ಹೂಂ ಅನ್ನದೆ ಅಲ್ಲಿ ಒಂದು ಬ್ಯಾರಿಕೇಡೂ ಇಡಬಾರದು. ನಡೆಯುವವರ ಹಕ್ಕಿನ ಹೆಸರಲ್ಲಿ ರೈತನ ಹಾದಿ ಕಟ್ಟುವುದು ನಮ್ಮ ಹೋರಾಟವಲ್ಲ.

ಕೊನೆಗೆ ಒಂದು ಮಾತು. ನಮ್ಮ ಊರುಗಳಲ್ಲಿ ತೇರು ಎಳೆಯುವ ದಿನ ಏನು ಮಾಡುತ್ತೇವೆ? ತೇರಿನ ಬೀದಿಯಲ್ಲಿ ಗೌಡರ ಕಾರಿರಲಿ, ಸಾಹುಕಾರರ ಜೀಪಿರಲಿ, ತೆಗಿ ಅಂದರೆ ತೆಗೆಯುತ್ತಾರೆ. ಆದೇಶ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಆ ಹೊತ್ತು ಬೀದಿ ಜನರದು ಅಂತ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಗೊತ್ತಿರುವುದನ್ನು ವಾರಕ್ಕೊಮ್ಮೆ ನೆನಪಿಸಿಕೊಳ್ಳಿ ಅನ್ನುತ್ತಿದ್ದೇವೆ, ಅಷ್ಟೇ.

ನಾವು ಜಿಲ್ಲಾಧಿಕಾರಿಗಳಿಗೆ ಮತ್ತು ಪುರಾತತ್ವ ಇಲಾಖೆಗೆ ಮನವಿ ಬರೆಯುತ್ತಿದ್ದೇವೆ. ನೀವೂ ನಿಮ್ಮ ಊರಿನಿಂದ ಒಂದು ಹಾಳೆ ಬರೆಯಿರಿ. ಶಾಲೆಯ ಮಕ್ಕಳಿಂದ ಬರೆಸಿ, ಸ್ವಸಹಾಯ ಸಂಘದಲ್ಲಿ ಸಹಿ ಹಾಕಿಸಿ. ನಿಮ್ಮ ಮನೆಯಲ್ಲಿ ಕಾರಿದ್ದರೆ ಮುಂದಿನ ಭಾನುವಾರ ಅದನ್ನು ದರ್ವಾಜಾದ ಹೊರಗೆ ಬಿಟ್ಟು ಒಳಗೆ ನಡೆದು ಬನ್ನಿ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ.