ಆ ಮೀಸೆ ಯಾರದ್ದು?



ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ತನ್ನ ಬಗ್ಗೆ ಮಾತಾಡಿದರೆ ಸಾಕು, ಹಿಂದಿನ ಸಾಲಿನಲ್ಲಿ ಗೊಣಗಾಟ ಶುರು: "ಇದೆಲ್ಲ ಸ್ವಂತದ ಗೋಳು. ಹೋರಾಟದ ವಿಷಯ ಹೇಳಮ್ಮ." ಗೊಣಗೋರು ನಮ್ಮ ಹಾಸ್ಟೆಲಿನ ಹುಡುಗರೇ. ಕಲೆ ಅಂದರಂತೂ ಮೂಗು ಮುರೀತಾರೆ, ಹೊಟ್ಟೆ ತುಂಬಿದೋರ ಆಟ ಅಂತ. ಇವರಿಗೆ ಏಡ್ರಿಯನ್ ಪೈಪರ್ ಬಗ್ಗೆ ಹೇಳಬೇಕು.

ಆಕೆ 1948ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ಕಪ್ಪು ಜನರ ಮನೆತನ, ಆದರೆ ಬಿಳಿಯರು ತಮ್ಮವಳೇ ಅಂದುಕೊಳ್ಳುವಷ್ಟು ತೆಳು ಬಣ್ಣ. 1973ರಲ್ಲಿ ಗುಂಗುರು ಕೂದಲಿನ ವಿಗ್ ಹಾಕಿ, ಮೀಸೆ ಅಂಟಿಸಿ, ಕಪ್ಪು ಕನ್ನಡಕ ಏರಿಸಿ ಗಂಡಸಾಗಿ ಬೀದಿಗಿಳಿದಳು. ತನ್ನದೇ ಹಳೇ ದಿನಚರಿಯ ಸಾಲುಗಳನ್ನು ಜಪದ ಹಾಗೆ ಹೇಳಿಕೊಳ್ಳುತ್ತಾ ನಡೆದಳು. ಟಿಕೀಟಿಲ್ಲ, ವೇದಿಕೆಯಿಲ್ಲ, ದಾರಿಹೋಕರೇ ಪ್ರೇಕ್ಷಕರು. ಬಾಯಲ್ಲಿರೋದು ಹುಡುಗಿಯ ಮಾತು, ಕಣ್ಣಿಗೆ ಕಾಣೋದು ಕಪ್ಪು ಗಂಡಸು. ಹಾಗಾದರೆ ನಡೀತಿರೋದು ಯಾರು? 'ಮಿಥಿಕ್ ಬೀಯಿಂಗ್' ಅಂತ ಹೆಸರಿಟ್ಟು 1975ರವರೆಗೂ ಇದನ್ನು ಮಾಡಿದಳು. ಹೆಣ್ಣಿಗೊಂದು ನಡಿಗೆ, ಗಂಡಿಗೊಂದು ನಡಿಗೆ, ಕಪ್ಪು ಗಂಡಸು ಎದುರು ಬಂದರೆ ಒಂದು ಭಯ, ಇದೆಲ್ಲ ನೋಡೋ ಕಣ್ಣು ಹೊರಿಸಿದ ಹೊರೆ. ಅದನ್ನು ಬಯಲು ಮಾಡೋಕೆ ಅಂಟಿಸಿಕೊಂಡ ಒಂದು ಮೀಸೆ ಸಾಕಾಯಿತು.

1986ರಲ್ಲಿ ಆಕೆ ಎರಡು ಬಗೆಯ ಚೀಟಿ ಅಚ್ಚು ಹಾಕಿಸಿದಳು. ತನ್ನನ್ನು ಬಿಳಿಯಳೆಂದು ತಿಳಿದು ಕಪ್ಪು ಜನರನ್ನು ಎದುರಿಗೇ ಹೀಯಾಳಿಸಿದವರಿಗೆ ಒಂದು: ನಾನೂ ಕಪ್ಪು ಹೆಂಗಸೇ ಅಂತ ತಿಳಿಸೋ ಚೀಟಿ. ಬಾರಿನಲ್ಲಿ ಒಂಟಿಯಾಗಿ ಕೂತಾಗ ಮೈಮೇಲೆ ಬೀಳೋ ಗಂಡಸರಿಗೆ ಇನ್ನೊಂದು: ಒಂಟಿಯಾಗಿರಬೇಕು ಅಂತಲೇ ಬಂದಿದ್ದೇನೆ ಅಂತ. ಅಣ್ಣಂದಿರೇ, ಮೊದಲನೇ ಚೀಟಿ ಓದಿ ನಾವು ಚಪ್ಪಾಳೆ ಹೊಡೀತೀವಿ. ಎರಡನೇದು ನಮ್ಮ ಕೈಗೇ ಬರಬಹುದಿತ್ತು.

ಆಮೇಲೆ 1988ರ 'ಕಾರ್ನರ್ಡ್' ವಿಡಿಯೋ. ಕೋಣೆಯ ಮೂಲೆಯಲ್ಲಿ ಟಿ.ವಿ., ಅದರ ಮುಂದೆ ಮಗುಚಿ ಹಾಕಿದ ಮೇಜು. ಗೋಡೆಗೆ ಆಕೆಯ ಅಪ್ಪನ ಎರಡು ಜನನ ಪತ್ರ. ಒಂದರಲ್ಲಿ ಬಿಳಿಯ, ಇನ್ನೊಂದರಲ್ಲಿ ಎಂಟನೇ ಒಂದು ಪಾಲು ಕಪ್ಪು. ಮನುಷ್ಯ ಒಬ್ಬನೇ, ಕಾಗದ ಎರಡು! ಮುತ್ತಿನ ಹಾರ ಹಾಕಿ, ವಾರ್ತೆ ಓದೋರ ಹಾಗೆ ಕೂತು, ನಾನು ಕಪ್ಪು ಅಂತ ಶುರು ಮಾಡ್ತಾಳೆ. ಕೂಗಾಟವಿಲ್ಲ. ಒಂದು ಹನಿ ಕಪ್ಪು ರಕ್ತ ಇದ್ದರೂ ಅವನು ಕರಿಯನೇ ಅನ್ನೋದು ಅಮೆರಿಕದ ಹಳೇ ಕಟ್ಟಳೆ. ಆ ಲೆಕ್ಕಕ್ಕೆ ನೀವೂ ಕಪ್ಪು ಇರಬಹುದಲ್ಲ, ಈಗೇನು ಮಾಡ್ತೀರಿ ಅಂತ ನೋಡೋರನ್ನೇ ಕೇಳ್ತಾಳೆ. ಮುಚ್ಚಿಡ್ತೀರಾ? ಹೇಳ್ಕೊಳ್ತೀರಾ? ಮೂಲೆಗೆ ಬಿದ್ದೋರು ಈಗ ಯಾರು?

ಬಾಡಿಗೆ ರೂಮು ಕೇಳೋಕೆ ಹೋಗಿ ಜಾತಿಯ ಹೆಸರು ನುಂಗಿಕೊಂಡ ನಮಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ನಾವು ನುಂಗಿಕೊಂಡಿದ್ದು ಸಮಾಜದ ಪ್ರಶ್ನೆಯಂತೆ, ಆ ಹುಡುಗಿ ನುಂಗಿಕೊಂಡಿದ್ದು ಮಾತ್ರ ಸ್ವಂತದ ಗೋಳಂತೆ! ಯಾವ ನ್ಯಾಯ ಇದು? ಮುಂದಿನ ಸಭೆಯಲ್ಲಿ ಆಕೆ ಎದ್ದಾಗ ಹಿಂದಿನ ಸಾಲು ಬಾಯಿ ಮುಚ್ಚಿಕೊಂಡು ಕೂತಿರಲಿ.